ಹೊರದೇಶದ ಸೇವೆಗೆ ಹೊರಡುವ ಮುನ್ನ: ಮನೆಯಲ್ಲೇ ಆಗಬೇಕಾದ ಸಿದ್ಧತೆ



ಪ್ರತಿ ವರ್ಷ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಮುಂಚಿನ ಭಾನುವಾರ ನಾವು ಪ್ರೇಷಿತ ಭಾನುವಾರವನ್ನು ಆಚರಿಸುತ್ತೇವೆ. 1926ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್‌ರವರು ಆರಂಭಿಸಿದ ಆಚರಣೆ ಇದು. ಅಂದು ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಊರಕೋಳಿ ಎಲ್ಲ ಹರಾಜಾಗುತ್ತವೆ. ಬಂದ ಹಣ ದೂರದ ಪ್ರೇಷಿತಕಾರ್ಯಕ್ಕೆ ಹೋಗುತ್ತದೆ. ನಾವೂ ನಮ್ಮ ಪಾಲು ಕೊಟ್ಟೆವು ಎಂಬ ಸಮಾಧಾನದಿಂದ ಮನೆಗೆ ಬರುತ್ತೇವೆ.

ಆದರೆ ಕೆಲವು ಮನೆಗಳಿಂದ ಹೋಗುವುದು ಹಣ ಮಾತ್ರವಲ್ಲ, ಮಕ್ಕಳೇ ಹೋಗುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆ ಭೇಟಿಗೆ ಹೋದಾಗ ಗೋಡೆಯ ಮೇಲೆ ಸಿಸ್ಟರ್ ಆದ ಮಗಳ ಫೋಟೋ, ಫಾದರ್ ಆದ ಮಗನ ಫೋಟೋ ಕಾಣುತ್ತೇವೆ. ಒಂದು ದಿನ ಫೋನ್ ಬರುತ್ತದೆ: "ಅಮ್ಮಾ, ನನ್ನನ್ನ ಆಫ್ರಿಕಾಕ್ಕೆ ಕಳಿಸ್ತಾರಂತೆ. ಐದು ವರ್ಷ." ಅಮ್ಮ "ದೇವರ ಚಿತ್ತ" ಅಂತಾರೆ. ಫೋನ್ ಇಟ್ಟ ಮೇಲೆ ಒಲೆ ಮುಂದೆ ಕೂತು ಅಳ್ತಾರೆ. ಈಗೀಗ ಗುರುಗಳು, ಕನ್ಯಾಸ್ತ್ರೀಯರು ಮಾತ್ರವಲ್ಲದೆ ನರ್ಸ್, ಶಿಕ್ಷಕರಾಗಿರುವ ಯುವಕ ಯುವತಿಯರೂ ಒಂದೆರಡು ವರ್ಷ ಸೇವೆಗೆ ಹೋಗಬೇಕೆಂಬ ಆಸೆ ಹೇಳಿಕೊಳ್ಳುತ್ತಾರೆ.

ಅವರಿಗೂ ಅವರ ಮನೆಯವರಿಗೂ ಉಪಯೋಗವಾಗಲಿ ಎಂದು ಈ ಲೇಖನ. ನಾವು ಹೇಳಬೇಕೆಂದಿರುವುದು ಇಷ್ಟೇ: ದೂರದ ಸೇವೆಯ ಸಿದ್ಧತೆ ಟಿಕೆಟ್ ಬಂದ ಮೇಲೆ ಶುರುವಾಗುವುದಲ್ಲ. ಅದು ಇಲ್ಲಿ, ಈ ಊರಿನಲ್ಲಿ, ಈ ನೆರೆಹೊರೆಯ ನಡುವೆ ಆಗಬೇಕು. ಹೋಗುವವರಿಗೆ ಮಾತ್ರವಲ್ಲ, ಉಳಿಯುವವರಿಗೂ ಆಗಬೇಕು.

ನಮ್ಮಿಂದಲೇ ಆದ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ನಮಗೆ ಗೊತ್ತಿರುವ ಒಬ್ಬ ಯುವಕ ಹೊರದೇಶದ ಒಂದು ಶಾಲೆಯಲ್ಲಿ ಪಾಠ ಹೇಳುವ ಸೇವೆಗೆ ಹೊರಟ. ಒಳ್ಳೆ ಹುಡುಗ, ಗಾಯನ ತಂಡದಲ್ಲಿದ್ದವನು. ಪೂಜೆಯ ಕೊನೆಗೆ ಹಾರ ಹಾಕಿದೆವು, ಫೋಟೋ ತೆಗೆಸಿಕೊಂಡೆವು, ಕೈಗೊಂದು ಜಪಸರ ಕೊಟ್ಟೆವು. ಅಷ್ಟೇ ನಮ್ಮ ಸಿದ್ಧತೆ. ಅವನು ಮನೆ ಬಿಟ್ಟು ಒಂದು ತಿಂಗಳೂ ಬೇರೆ ಕಡೆ ಇದ್ದವನಲ್ಲ ಎಂಬುದನ್ನು ಯಾರೂ ಕೇಳಲಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಸಲು ಅಪ್ಪನ ಜೊತೆ ಯಾರಿರುತ್ತಾರೆ ಎಂದೂ ಕೇಳಲಿಲ್ಲ.

ವರ್ಷ ತುಂಬುವ ಮೊದಲೇ ಅವನು ವಾಪಸ್ ಬಂದ. ಒಂಟಿತನ, ಜ್ವರ, ಭಾಷೆ ಬಾರದ ಸಂಕಟ, ಇಲ್ಲಿ ಅಪ್ಪನ ಅನಾರೋಗ್ಯ ಎಲ್ಲ ಸೇರಿತ್ತು. ಬಂದ ಭಾನುವಾರ ನಾವು ಅವನನ್ನು "ಹೇಗಿದ್ದೀಯಪ್ಪಾ?" ಎಂದು ಕೇಳಲಿಲ್ಲ. "ಯಾಕೆ ಇಷ್ಟು ಬೇಗ ಬಂದೆ?" ಎಂದು ಕೇಳಿದೆವು. ಆಮೇಲೆ ಅವನು ಹಿಂದಿನ ಬಾಗಿಲ ಹತ್ತಿರ ನಿಲ್ಲತೊಡಗಿದ. ಮತ್ತೆ ಸ್ವಲ್ಪ ದಿನಕ್ಕೆ ಅದೂ ನಿಂತಿತು. ಈ ನೆನಪು ನಮ್ಮನ್ನು ಇಂದಿಗೂ ಚುಚ್ಚುತ್ತದೆ.

ಬೇಡಿದ್ದು ಸಿಲೋನ್, ಸಿಕ್ಕಿದ್ದು ಕೆನರಾ

ಸಿದ್ಧತೆ ಅಂದರೇನು ಎಂದು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ಆಗುಂಬೆ ಘಾಟಿ ಇಳಿದರೆ ಸಾಕು. ಕುಂದಾಪುರ, ಬಸ್ರೂರು, ಗಂಗೊಳ್ಳಿ, ಕಲ್ಯಾಣಪುರದ ಕಡೆ ಮುನ್ನೂರ ನಲವತ್ತು ವರ್ಷಗಳ ಹಿಂದೆ ಒಬ್ಬ ಗುರು ನಡೆದಾಡಿದರು. ಅವರೇ ಸಂತ ಜೋಸೆಫ್ ವಾಸ್. ಮಂಗಳೂರಿನ ಬಳಿಯ ಮುಡಿಪು ಪುಣ್ಯಕ್ಷೇತ್ರಕ್ಕೆ ಹೋಗಿ ಬಂದವರಿಗೆ ಅವರ ಹೆಸರು ಹೊಸದಲ್ಲ.

ಅವರು ಹುಟ್ಟಿದ್ದು 1651ರಲ್ಲಿ, ಗೋವಾದ ಬಾಣಾವಲಿಯಲ್ಲಿ. ಗುರುದೀಕ್ಷೆ ಪಡೆದದ್ದು 1676ರಲ್ಲಿ. ಆಗ ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅವರು ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಅಲ್ಲಿನ ಭಕ್ತರು ವರ್ಷಾನುಗಟ್ಟಲೆ ಪೂಜೆ, ಪಾಪನಿವೇದನೆ ಇಲ್ಲದೆ ಬದುಕುತ್ತಿದ್ದರು. ಇದನ್ನು ಕೇಳಿದ ಜೋಸೆಫ್ ವಾಸ್ "ನಾನು ಹೋಗುತ್ತೇನೆ" ಎಂದರು. ಆದರೆ ಮೇಲಿನವರು ಅವರನ್ನು 1681ರಲ್ಲಿ ಕಳಿಸಿದ್ದು ಸಿಲೋನ್‌ಗೆ ಅಲ್ಲ, ಕೆನರಾಕ್ಕೆ.

ಬೇಸರ ಮಾಡಿಕೊಂಡು ಕೂರಬಹುದಿತ್ತು. ಅವರು ಕೂರಲಿಲ್ಲ. ಆಗ ಕೆನರಾ ಸೀಮೆ ಬಿದನೂರಿನಿಂದ ಆಳುತ್ತಿದ್ದ ಕೆಳದಿ ರಾಣಿ ಚೆನ್ನಮ್ಮಾಜಿಯ ಆಡಳಿತದಲ್ಲಿತ್ತು. ಧರ್ಮಸಭೆಯ ಒಳಗೇ ಅಧಿಕಾರದ ಜಗಳವಿತ್ತು. ಗೋವಾದಿಂದ ನೇಮಕವಾದವರು ಒಂದು ಕಡೆ, ರೋಮಿನಿಂದ ನೇರವಾಗಿ ನೇಮಕವಾದ ಧರ್ಮಾಧ್ಯಕ್ಷರು ಇನ್ನೊಂದು ಕಡೆ. ಜನ ಯಾರ ಮಾತು ಕೇಳಬೇಕೆಂದು ತಿಳಿಯದೆ ಗೊಂದಲದಲ್ಲಿದ್ದರು. ಜೋಸೆಫ್ ವಾಸ್‌ರವರು ತಾಳ್ಮೆಯಿಂದ ಆ ಜಗಳದ ನಡುವೆ ಕೆಲಸ ಮಾಡಿದರು. ಊರೂರು ನಡೆದರು, ಬಿದ್ದಿದ್ದ ಚರ್ಚುಗಳನ್ನು ಎತ್ತಿ ನಿಲ್ಲಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು, ರೋಗಿಗಳನ್ನು ನೋಡಿಕೊಂಡರು. 1684ರಲ್ಲಿ ಗೋವಾಕ್ಕೆ ಮರಳಿದರು.

ಗೋವಾದಲ್ಲೂ ತಕ್ಷಣ ಹಡಗು ಹತ್ತಲಿಲ್ಲ. 1685ರಲ್ಲಿ ಒಟ್ಟಾಗಿ ಪ್ರಾರ್ಥಿಸಿ ಬಾಳುವ ಗುರುಗಳ ಒಂದು ಸಂಘದಲ್ಲಿ ಸೇರಿ, ಅದನ್ನು ಗಟ್ಟಿ ಮಾಡಿದರು. 1686ರಲ್ಲಿ ಹೊರಟರೂ ತಮಿಳು ಕರಾವಳಿಯಲ್ಲಿ ನಿಂತು ತಮಿಳು ಕಲಿತರು. 1687ರಲ್ಲಿ, ಬಡ ಕೂಲಿಯವನ ವೇಷದಲ್ಲಿ, ಜೊತೆಗೊಬ್ಬ ಸೇವಕನೊಂದಿಗೆ ಯಾಳ್ಪಾಣಕ್ಕೆ ಅಂದರೆ ಜಾಫ್ನಾಕ್ಕೆ ತಲುಪಿದರು. ತಲುಪಿದ ಕೂಡಲೇ ಆಮಶಂಕೆ ಹಿಡಿದು ಸಾಯುವ ಸ್ಥಿತಿಗೆ ಬಂದರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟರು. ಸೆರೆಯಲ್ಲಿ ಸಿಂಹಳ ಕಲಿತರು. ಸಹಾಯಕ್ಕೆ ಬೇರೆ ಗುರುಗಳು ಬಂದು ಸೇರುವ ತನಕ ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಒಬ್ಬರೇ ಗುರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ತಮ್ಮವರನ್ನೇ ಬಿಟ್ಟು ಓಡಿದಾಗ, ಜಾತಿ ಧರ್ಮ ನೋಡದೆ ರೋಗಿಗಳ ಸೇವೆಗೆ ನಿಂತರು. ಮತ್ತೆಂದೂ ಊರಿಗೆ ಬರಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಕೆನರಾದ ಮೂರು ವರ್ಷಗಳು ವ್ಯರ್ಥವಾದವೇ? ಇಲ್ಲ. ಬೇರೆ ಧರ್ಮದ ಅರಸರ ನಾಡಿನಲ್ಲಿ ಗೌರವದಿಂದ ಬಾಳುವುದು, ಜಗಳದ ನಡುವೆ ತಾಳ್ಮೆ, ರೋಗಿಗಳ ಹತ್ತಿರ ಕೂರುವುದು, ಕಾಲ್ನಡಿಗೆ. ಇದೆಲ್ಲ ಸಿಲೋನಿನಲ್ಲಿ ಬೇಕಾಯಿತು. ಬೇಡಿದ್ದು ಸಿಗದ ಆ ವರ್ಷಗಳೇ ಅವರ ತರಬೇತಿಯಾದವು.

ಇಲ್ಲೇ ಕಲಿಯಬೇಕಾದ ಪಾಠಗಳು

ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಪ್ರೇಷಿತಕಾರ್ಯದ ಬಗ್ಗೆ ಹೊರಡಿಸಿದ ಆದೇಶಪತ್ರವು, ಇಂಥ ಸೇವೆಗೆ ಹೋಗುವವರಿಗೆ ವಿಶೇಷವಾದ ಆತ್ಮಿಕ ತರಬೇತಿ ಬೇಕು, ಅಲ್ಲಿನ ಜನರ ಭಾಷೆ, ರೀತಿ ನೀತಿಗಳ ಅಭ್ಯಾಸ ಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ನಮ್ಮ ಊರಿಗೆ ಹೊಂದಿಸಿ ನೋಡಿದರೆ ಹೀಗೆ:

1. ಕರೆಯನ್ನು ಪರೀಕ್ಷಿಸಿ. ನಿಜವಾಗಿ ದೇವರು ಕರೆಯುತ್ತಿದ್ದಾರೋ, ಅಥವಾ ನಾವು ಯಾವುದರಿಂದಲೋ ಓಡುತ್ತಿದ್ದೇವೋ? ಮನೆಯ ಸಾಲ, ಮುರಿದ ಸಂಬಂಧ, ಅಣ್ಣತಮ್ಮಂದಿರ ಜಗಳ, ವಿಮಾನ ಹತ್ತುವ ಆಸೆ ಇವು ಕೂಡ ಕರೆಯ ವೇಷ ಹಾಕಿಕೊಂಡು ಬರುತ್ತವೆ. ಆಸೆ ಇರುವುದೇ ತಪ್ಪೆಂದಲ್ಲ. ಅದು ಮಾತ್ರ ಇದ್ದರೆ ಮೊದಲ ಕಷ್ಟಕ್ಕೇ ಮುಗಿಯುತ್ತದೆ. ನಂಬಿಕೆಯ ಒಬ್ಬ ಗುರು ಅಥವಾ ಸಿಸ್ಟರ್ ಹತ್ತಿರ ಕನಿಷ್ಠ ಒಂದು ವರ್ಷ ಮನಸ್ಸು ಬಿಚ್ಚಿ ಮಾತಾಡಿ. ಒಂದು ವರ್ಷದ ನಂತರವೂ ಸಮಾಧಾನದಿಂದ ಅದೇ ಆಸೆ ಉಳಿದಿದ್ದರೆ ಮುಂದೆ ನಡೆಯಿರಿ.

2. ಗಂಟೆ ಹೊಡೆಯದಿದ್ದರೂ ಪ್ರಾರ್ಥಿಸಲು ಕಲಿಯಿರಿ. ಇಲ್ಲಿ ಚರ್ಚ್ ಗಂಟೆ ಇದೆ, ಅಮ್ಮ ಕರೆಯುವ ಸಂಜೆಯ ಜಪಸರ ಇದೆ. ಅಲ್ಲಿ ಎರಡೂ ಇಲ್ಲದಿರಬಹುದು. ಅಮೆಜಾನ್ ಕಾಡಿನ ಎಷ್ಟೋ ಊರುಗಳಲ್ಲಿ ತಿಂಗಳುಗಟ್ಟಲೆ ಪೂಜೆ ಸಿಗುವುದಿಲ್ಲ. 2019ರಲ್ಲಿ ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಸಭೆಯಲ್ಲಿ ಇದೇ ಒಂದು ದೊಡ್ಡ ಚರ್ಚೆಯಾಯಿತು. ಸಲೇಸಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್‌ರವರನ್ನು 2016ರ ಮಾರ್ಚ್ 4ರಂದು ಯೆಮನಿನ ಏಡನ್‌ನಲ್ಲಿ ಅಪಹರಿಸಿದರು. ಅಂದೇ ಅಲ್ಲಿ ಮದರ್ ತೆರೇಸಾ ಸಭೆಯ ನಾಲ್ವರು ಸಿಸ್ಟರ್‌ಗಳನ್ನು ಕೊಂದರು. 2017ರ ಸೆಪ್ಟೆಂಬರ್ 12ರಂದು ಬಿಡುಗಡೆಯಾಗುವ ತನಕ, ಒಂದೂವರೆ ವರ್ಷ, ಅವರು ರೊಟ್ಟಿ ದ್ರಾಕ್ಷಾರಸ ಯಾವುದೂ ಇಲ್ಲದೆ ಪೂಜೆಯ ಪ್ರಾರ್ಥನೆಗಳನ್ನು ನೆನಪಿನಿಂದಲೇ ದಿನವೂ ಹೇಳಿಕೊಳ್ಳುತ್ತಿದ್ದರು. ಪುಸ್ತಕ, ಮೊಬೈಲ್ ಎಲ್ಲ ಹೋದಾಗ ಬಾಯಿಪಾಠ ಒಂದೇ ಉಳಿಯಿತು. ಆದ್ದರಿಂದ ಕೀರ್ತನೆಗಳಲ್ಲಿ ಕೆಲವನ್ನಾದರೂ ಬಾಯಿಪಾಠ ಮಾಡಿ. ದಿನಕ್ಕೆ ಅರ್ಧ ಗಂಟೆ ಒಬ್ಬರೇ ಮೌನವಾಗಿ ಕೂರುವ ಅಭ್ಯಾಸ ಇಲ್ಲಿಂದಲೇ ಆಗಲಿ.

3. ನೆರೆಯವರನ್ನು ಅರಿಯಿರಿ. ನಮ್ಮ ಮೂರು ತಾಲ್ಲೂಕುಗಳಂಥ ಶಾಲೆ ಬೇರೆಲ್ಲಿ ಸಿಕ್ಕೀತು? ಶೃಂಗೇರಿಯಲ್ಲಿ ಶಾರದಾ ಪೀಠ, ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ, ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಜೈನ ಬಸದಿ. ಇವುಗಳ ನಡುವೆ ನಾವು ಸ್ವಲ್ಪ ಮಂದಿ. ನೆರೆಯವರ ಹಬ್ಬ ಯಾವುದು, ಸಾವಿನ ಮನೆಯಲ್ಲಿ ಅವರ ಪದ್ಧತಿ ಏನು, ಯಾವ ಮಾತು ಅವರಿಗೆ ನೋವು ಕೊಡುತ್ತದೆ, ಇದು ಗೊತ್ತಿದೆಯೇ? ಪಕ್ಕದ ಮನೆಯವರನ್ನು ಗೌರವಿಸಲು ಕಲಿಯದವರು ದೂರದೇಶದಲ್ಲಿ ಗೌರವಿಸುವುದಿಲ್ಲ. ಸೇವೆ ಎಂದರೆ ಕಲಿಸಲು ಹೋಗುವುದು ಮಾತ್ರವಲ್ಲ. ಮೊದಲ ವರ್ಷವಂತೂ ಬಾಯಿಗಿಂತ ಕಿವಿಗೆ ಹೆಚ್ಚು ಕೆಲಸ.

4. ಒಂದು ಹೊಸ ಭಾಷೆ ಕಲಿಯಿರಿ. ನಮ್ಮ ಸಂತೆಯಲ್ಲಿ ಕನ್ನಡ, ಕೊಂಕಣಿ, ಮಲಯಾಳಂ, ತುಳು, ತಮಿಳು, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತವೆ. ಬಾರದ ಒಂದನ್ನು ಆರಿಸಿ ಆರು ತಿಂಗಳು ಪ್ರಯತ್ನಿಸಿ. ಭಾಷೆ ಎಷ್ಟು ಬಂತು ಎಂಬುದಕ್ಕಿಂತ, ತಪ್ಪಾಗಿ ಮಾತಾಡಿ ಜನ ನಕ್ಕಾಗ ನಾವೂ ನಗಲು ಬಂತೇ ಎಂಬುದು ಮುಖ್ಯ.

5. ಫೋಟೋ ಇಲ್ಲದ ಸೇವೆ ಮಾಡಿ. ಹಾಸಿಗೆ ಹಿಡಿದ ವೃದ್ಧರ ಬಟ್ಟೆ ಒಗೆಯುವುದು, ಗಿರಿಜನ ಕಾಲೋನಿಯ ಮಕ್ಕಳಿಗೆ ಸಂಜೆ ಪಾಠ ಹೇಳುವುದು, ಆಸ್ಪತ್ರೆಯಲ್ಲಿ ಯಾರೂ ಇಲ್ಲದ ರೋಗಿಗೆ ರಾತ್ರಿ ಜೊತೆಯಿರುವುದು. ಒಂದು ವರ್ಷ ಬಿಡದೆ ಮಾಡಿ. ಯಾರೂ ಹೊಗಳದಿದ್ದರೂ ಮಾಡಲು ಆದರೆ ದೂರದ ಸೇವೆಯೂ ಆದೀತು.

ನಮ್ಮ ಹಿರಿಯರನ್ನು ಕೇಳಿ ನೋಡಿ

ಹೊಸ ನೆಲದಲ್ಲಿ ಬದುಕುವ ಕಷ್ಟ ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತಿರುವುದೇ. ಕೆಲವರ ಅಜ್ಜ ಅಜ್ಜಿ ಕರಾವಳಿಯಿಂದ ಕಾಫಿ ತೋಟದ ಕೆಲಸಕ್ಕೆ ಘಾಟಿ ಹತ್ತಿ ಬಂದವರು. ಇನ್ನು ಕೆಲವರು ಕೇರಳದಿಂದ ನೆಲ ಹುಡುಕಿಕೊಂಡು ಬಂದವರು. ಭಾಷೆ ಬಾರದು, ಮಳೆ ನಿಲ್ಲದು, ಮಲೆನಾಡಿನ ಚಳಿಜ್ವರ ಬೇರೆ. ಪೂಜೆಗೆ ಮೈಲುಗಟ್ಟಲೆ ನಡಿಗೆ. ಆಗ ಅವರಿಗೆ ಮೊದಲ ಸೇರು ಅಕ್ಕಿ ಸಾಲ ಕೊಟ್ಟವರು ಯಾರು? ಕಾಡಿನ ದಾರಿ ತೋರಿಸಿದವರು ಯಾರು? ಹೆಚ್ಚಾಗಿ ಬೇರೆ ಧರ್ಮದ ನೆರೆಯವರೇ. ಹೊರಡುವವರು ಒಂದು ಸಂಜೆ ಅಜ್ಜಿಯ ಪಕ್ಕ ಕೂತು ಈ ಕತೆ ಕೇಳಿಸಿಕೊಳ್ಳಿ. ಪರದೇಶಿಯಾಗಿ ಬಂದವರನ್ನು ದೇವರು ಯಾರ ಕೈಯಿಂದ ಸಾಕಿದರು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕಾಗದ ಪತ್ರ, ಹಣ, ಆರೋಗ್ಯ

"ದೇವರಿದ್ದಾರೆ, ಎಲ್ಲ ನೋಡ್ಕೋತಾರೆ" ಅನ್ನುವುದು ವಿಶ್ವಾಸದ ಮಾತು. ಆದರೆ ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿಯೇ ಹೇಳಿದ್ದಾರೆ (ಲೂಕ 14:28). ಲೆಕ್ಕ ಹಾಕುವುದು ಅವಿಶ್ವಾಸವಲ್ಲ.

- ಯಾರು ಕಳಿಸುತ್ತಾರೆ, ಯಾರು ಬರಮಾಡಿಕೊಳ್ಳುತ್ತಾರೆ, ಎಷ್ಟು ವರ್ಷ ಎಂಬುದು ಬರವಣಿಗೆಯಲ್ಲಿರಲಿ. 1957ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್‌ರವರು ಆಫ್ರಿಕಾಕ್ಕೆ ಗುರುಗಳನ್ನು ಕೊಡಿರೆಂದು ಧರ್ಮಾಧ್ಯಕ್ಷರನ್ನು ಕೇಳಿದಾಗಿನಿಂದ, ಧರ್ಮಪ್ರಾಂತ್ಯದ ಗುರುಗಳನ್ನು ಇಬ್ಬರು ಧರ್ಮಾಧ್ಯಕ್ಷರ ಒಪ್ಪಂದದ ಮೇಲೆ ಇಷ್ಟು ವರ್ಷಕ್ಕೆಂದು ಕಳಿಸುವ ಪದ್ಧತಿ ಬೆಳೆದಿದೆ. ಸಾಮಾನ್ಯ ವಿಶ್ವಾಸಿಗಳಿಗೂ ಅಷ್ಟೇ ಸ್ಪಷ್ಟತೆ ಬೇಕು.
- ಕಾಯಿಲೆ ಬಿದ್ದರೆ ಖರ್ಚು ಯಾರದು, ನಡುವೆ ಬರಬೇಕಾದರೆ ಟಿಕೆಟ್ ಯಾರು ಕೊಡುತ್ತಾರೆ ಎಂದು ಮೊದಲೇ ಕೇಳಿ. ಕೇಳಲು ನಾಚಿಕೆ ಬೇಡ.
- ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಕೆಲಸಕ್ಕೆ ನಿಲ್ಲುವುದು ಬೇಡ. ಸತ್ಯಕ್ಕೆ ಸಾಕ್ಷಿ ಹೇಳಲು ಹೊರಟವರು ಸುಳ್ಳು ಕಾಗದದಿಂದ ಶುರು ಮಾಡಬಾರದು. "ಮಿಷನ್ ಸೇವೆಗೆ ಕಳಿಸ್ತೀವಿ" ಎಂದು ಮುಂಗಡ ಹಣ ಕೇಳುವವರಿದ್ದರೆ ಮೊದಲು ನಿಮ್ಮ ವಿಚಾರಣೆ ಗುರುಗಳಿಗೆ ತಿಳಿಸಿ.
- ಆಫ್ರಿಕಾದ ಹಾಗೂ ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಹೊರಡುವುದಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ಚಲಾವಣೆಯಲ್ಲಿರುತ್ತದೆ. ಅದಿಲ್ಲದೆ ಅಂಥ ದೇಶಗಳಿಂದ ಭಾರತಕ್ಕೆ ಮರಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮಲೇರಿಯಾ ಮಾತ್ರೆಯ ಬಗ್ಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ.
- ಮನೆಯ ಪಾಲು, ಪಹಣಿ, ಬ್ಯಾಂಕ್ ಖಾತೆ ಇವುಗಳ ವಿಷಯ ಅಣ್ಣತಮ್ಮ ಅಕ್ಕತಂಗಿಯರೆಲ್ಲ ಕೂತು ಇತ್ಯರ್ಥ ಮಾಡಿಕೊಳ್ಳಿ. ಮನಸ್ತಾಪ ಇದ್ದರೆ ರಾಜಿಯಾಗಿ ಹೊರಡಿ.

ಉಳಿಯುವವರ ಸಿದ್ಧತೆ

ಅಂತಿಯೋಕ್ಯದ ಸಭೆ ಬಾರ್ನಬ ಮತ್ತು ಸೌಲರನ್ನು ಕಳಿಸುವಾಗ, ಹೋಗುವ ಇಬ್ಬರು ಮಾತ್ರ ಪ್ರಾರ್ಥಿಸಲಿಲ್ಲ. ಕಳಿಸುವವರೂ ಉಪವಾಸವಿದ್ದು, ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟು ಬೀಳ್ಕೊಟ್ಟರು (ಪ್ರೇ.ಕಾ. 13:1-3). ಹಾಗಾದರೆ ಮನೆಯವರು ಏನು ಮಾಡಬೇಕು?

ಮೊದಲು, ಕಷ್ಟದ ಮಾತನ್ನು ಹೊರಡುವ ಮುಂಚೆಯೇ ಆಡಿಬಿಡಿ. "ನಾನು ಸತ್ರೆ ನೀನು ಬರೋಕಾಗುತ್ತಾ?" ಎಂದು ಒಬ್ಬ ತಾಯಿ ನಮ್ಮೆದುರೇ ಮಗಳನ್ನು ಕೇಳಿದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗದೇನೂ ಇರಬಹುದು ಅಮ್ಮಾ" ಅಂದರು. ಇಬ್ಬರೂ ಅತ್ತರು. ಆದರೆ ಆ ಮಾತು ಆಡಿದ್ದರಿಂದ ಇಬ್ಬರಿಗೂ ಮನಸ್ಸು ಹಗುರವಾಯಿತು. ಮುಚ್ಚಿಟ್ಟರೆ ಅದೇ ಮಾತು ಅರ್ಧರಾತ್ರಿಯಲ್ಲಿ ಎದ್ದು ಕೂರುತ್ತದೆ.

ಎರಡನೆಯದು ಫೋನ್. ಈಗ ವಿಡಿಯೋ ಕಾಲ್ ಸುಲಭ. ಆದರೆ ದಿನಕ್ಕೆರಡು ಸಲ ಮನೆಗೆ ಮಾತಾಡುವವರ ಮನಸ್ಸು ಅಲ್ಲಿ ಬೇರು ಬಿಡುವುದಿಲ್ಲ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಇಲ್ಲಿನ ಪ್ರತಿ ಸಣ್ಣ ಜಗಳವನ್ನೂ ಅಲ್ಲಿಗೆ ಮುಟ್ಟಿಸಬೇಡಿ. ಹಾಗೆಂದು ದೊಡ್ಡ ಕಾಯಿಲೆಯನ್ನು ಮುಚ್ಚಿಡಲೂಬೇಡಿ.

ಮೂರನೆಯದು, ಮನೆಯ ಭಾರ. ವಯಸ್ಸಾದವರಿಗೆ ಔಷಧಿ ತರುವವರು ಯಾರು, ಮಳೆಗಾಲದಲ್ಲಿ ತೋಟ ನೋಡುವವರು ಯಾರು ಎಂದು ಹೆಸರು ಹಿಡಿದು ಗೊತ್ತು ಮಾಡಬೇಕು. ಇದು ಆ ಮನೆಯೊಂದರ ಕೆಲಸವಲ್ಲ, ಧರ್ಮಕೇಂದ್ರದ ಕೆಲಸ. ಸ್ವಸಹಾಯ ಸಂಘದ ಒಬ್ಬಿಬ್ಬರು ತಿಂಗಳಿಗೊಮ್ಮೆ ಆ ಮನೆಗೆ ಹೋಗಿ ಬಂದರೂ ಅದೇ ಪ್ರೇಷಿತಕಾರ್ಯ. ಬಾಲಯೇಸುವಿನ ಸಂತ ತೆರೇಸಾ ತಮ್ಮ ಮಠ ಬಿಟ್ಟು ಯಾವ ಪರದೇಶದ ಸೇವೆಗೂ ಹೋದವರಲ್ಲ. ಆಫ್ರಿಕಾ ಮತ್ತು ಚೀನಾದ ಸೇವೆಗೆ ಮುಡಿಪಾಗಿದ್ದ ಇಬ್ಬರಿಗೆ ಪತ್ರ ಬರೆಯುತ್ತಾ, ಅವರಿಗಾಗಿ ಪ್ರಾರ್ಥಿಸುತ್ತಾ ಇದ್ದರು. 1927ರಲ್ಲಿ ಧರ್ಮಸಭೆ ಅವರನ್ನೇ ಸಂತ ಫ್ರಾನ್ಸಿಸ್ ಝೇವಿಯರ್ ಜೊತೆಗೆ ಪ್ರೇಷಿತಕಾರ್ಯದ ಪಾಲಕರನ್ನಾಗಿ ಸಾರಿತು. ಉಳಿದವರ ಪಾಲು ಕಡಿಮೆಯಲ್ಲ.

ನಡುವೆ ಮರಳಿ ಬಂದರೆ

ಬಾರ್ನಬ, ಪೌಲರ ಜೊತೆ ಹೊರಟಿದ್ದ ಯೊವಾನ್ನ ಮಾರ್ಕ ಅರ್ಧದಲ್ಲೇ ಜೆರುಸಲೇಮಿಗೆ ಮರಳಿದ. ಯಾಕೆ ಎಂದು ಬೈಬಲ್ ಹೇಳುವುದಿಲ್ಲ. ಮುಂದಿನ ಪ್ರಯಾಣಕ್ಕೆ ಅವನು ಬೇಡವೆಂದು ಪೌಲರು ಹಟ ಹಿಡಿದರು. ಬಾರ್ನಬರು ಮಾತ್ರ ಅವನ ಕೈ ಬಿಡದೆ ಜೊತೆಗೆ ಕರೆದುಕೊಂಡು ಹೋದರು. ವರ್ಷಗಳ ನಂತರ ಅದೇ ಪೌಲರು, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಸಹಾಯವಿದೆ ಎಂದು ತಿಮೊಥೇಯನಿಗೆ ಬರೆಯುತ್ತಾರೆ. ಮರಳಿ ಬಂದವನ ಕತೆ ಅಲ್ಲಿಗೆ ಮುಗಿಯಲಿಲ್ಲ, ಯಾಕೆಂದರೆ ಒಬ್ಬ ಬಾರ್ನಬ ಇದ್ದರು.

ನಾವು ಆ ಯುವಕನಿಗೆ ಬಾರ್ನಬ ಆಗಲಿಲ್ಲ. ಬಹಳ ತಡವಾಗಿ ಒಂದು ದಿನ ಅವನ ಮನೆಗೆ ಹೋದೆವು. ಕಾಫಿ ಕೊಟ್ಟ. ಅಲ್ಲಿನ ಮಕ್ಕಳ ಫೋಟೋಗಳನ್ನು ಒಂದೊಂದಾಗಿ ತೋರಿಸಿ, ಒಬ್ಬೊಬ್ಬರ ಹೆಸರು ಹೇಳಿದ. ಒಂದೂ ಮರೆತಿರಲಿಲ್ಲ. ಹೊರಡುವಾಗ ಇಷ್ಟೇ ಅಂದ: "ಇದನ್ನ ನೋಡ್ಬೇಕು ಅಂತ ಇವತ್ತಿನವರೆಗೆ ಯಾರೂ ಕೇಳಿರ್ಲಿಲ್ಲ."

ಆದ್ದರಿಂದ ಪ್ರಿಯರೇ, ನಿಮ್ಮ ಊರಿನಿಂದ ಯಾರಾದರೂ ಹೊರಟರೆ ಹಾರಕ್ಕಿಂತ ಮೊದಲು ಒಂದು ವರ್ಷ ಅವರ ಜೊತೆ ನಡೆಯಿರಿ. ಹೋದ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿ, ಅವರ ಅಪ್ಪ ಅಮ್ಮನನ್ನು ನೋಡಿಬನ್ನಿ. ಐದು ವರ್ಷಕ್ಕೆ ಬರಲಿ, ಐದು ತಿಂಗಳಿಗೆ ಬರಲಿ, ಬಂದವರನ್ನು ಮೊದಲು ಕೂರಿಸಿ, ಅವರ ಮಾತು ಕೇಳಿ. ಅವರು ನೋಡಿ ಬಂದದ್ದು ನಮಗೂ ಬೇಕು.

ಹೊರಡಲು ಮನಸ್ಸಿರುವವರು, ಅವರ ತಂದೆ ತಾಯಂದಿರು ಸಂಕೋಚವಿಲ್ಲದೆ ನಿಮ್ಮ ವಿಚಾರಣೆ ಗುರುಗಳ ಬಳಿ ಅಥವಾ ನಮ್ಮ ಕಾರ್ಯಕರ್ತರ ಬಳಿ ಮಾತಾಡಿ. ಬೇಡಿದ ಸಿಲೋನ್ ಈಗಲೇ ಸಿಗದಿದ್ದರೂ ನಮ್ಮ ನಮ್ಮ ಕೆನರಾ ಎದುರಿಗೇ ಇದೆ. ಪಕ್ಕದ ಮನೆಯಿಂದಲೇ ಶುರು ಮಾಡೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.